ಎಲೆ ಎದುರಾಡುವುದಿಲ್ಲ

ದೇವಳಾಲಿ ಕ್ಯಾಂಪಿನ ನಮ್ಮ ಕನ್ನಡ ಓದುಕೂಟದಲ್ಲಿ ಈಚೆಗೆ ಒಂದು ಜಗಳವಾಯಿತು. ನಮ್ಮಲ್ಲಿ ಜಗಳ ಹೊಸದಲ್ಲ. ಕುಮಾರವ್ಯಾಸನ ಒಂದು ಶಬ್ದದ ಅರ್ಥಕ್ಕಾಗಿ ಇಬ್ಬರು ಹಿರಿಯರು ಎರಡು ತಿಂಗಳು ಮಾತುಬಿಟ್ಟದ್ದನ್ನು ನಾವು ಕಂಡಿದ್ದೇವೆ. ಈ ಸಲದ ಜಗಳ ಮಾತ್ರ ಒಂದು ಕಟ್ಟು ಎಲೆಗಳದ್ದು. ಅಂದಿನ ಓದು ಮುಗಿದು ಚಹಾ ಬರುವ ಹೊತ್ತಿಗೆ ಸದಸ್ಯರೊಬ್ಬರು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಟ್ಯಾರೋ ಎಲೆಗಳನ್ನು ತೆಗೆದು ಜಮಖಾನೆಯ ಮೇಲೆ ಹರಡಿದರು. “ಒಬ್ಬೊಬ್ಬರೂ ಒಂದೊಂದು ತೆಗೆಯಿರಿ. ಇದು ಭವಿಷ್ಯ ಹೇಳುವುದಲ್ಲ. ನಿಮ್ಮೊಳಗಿನ ಅರಿವು ನಿಮಗೆ ಏನು ಹೇಳಬೇಕೆಂದಿದೆಯೋ ಅದನ್ನು ಎಲೆ ತೋರಿಸುತ್ತದೆ, ಅಷ್ಟೆ” ಎಂದರು. ಅರ್ಧ ಮಂದಿ ನಗುತ್ತ ಕೈಚಾಚಿದರು. ಹಿರಿಯರೊಬ್ಬರು “ಪುಸ್ತಕದ ಎದುರು ಇಸ್ಪೀಟೇ?” ಎಂದು ಎದ್ದುನಿಂತರು. ಮಾತಿಗೆ ಮಾತು ಬೆಳೆಯಿತು, ಚಹಾ ಆರಿತು. ಕೂಟದ ಗೆಳತಿಯೊಬ್ಬರು ಮಾತ್ರ ಏನೂ ಹೇಳದೆ ಕಿಟಕಿಯತ್ತ ನೋಡುತ್ತ ಕುಳಿತಿದ್ದರು. ಅವರ ಮೌನದ ಕಾರಣ ನಮಗೆ ತಿಳಿದದ್ದು ಹತ್ತು ದಿನಗಳ ಮೇಲೆ. ಈ ಬರಹವನ್ನು ನಾವು ಅವರ ಒಪ್ಪಿಗೆಯಿಂದ, ಬಹುಮಟ್ಟಿಗೆ ಅವರ ಒತ್ತಾಯದಿಂದಲೇ ಬರೆಯುತ್ತಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ: ಆ ಜಗಳದಲ್ಲಿ ನಾವು ಯಾವ ಪಕ್ಷಕ್ಕೂ ಸೇರಿದವರಲ್ಲ. ಎಲೆಗಳನ್ನು ಪರದೇಶದ ಮೂಢನಂಬಿಕೆಯೆಂದು ತಳ್ಳಿದವರ ವಾದ ನಮಗೆ ಒಪ್ಪಿಗೆಯಿಲ್ಲ. ಅವನ್ನು ಅಂತರಂಗದ ಅರಿವೆಂದು ಎತ್ತಿಹಿಡಿದವರ ವಾದವಂತೂ ಇನ್ನೂ ಒಪ್ಪಿಗೆಯಿಲ್ಲ. ಈ ಎರಡನೆಯ ವಾದವೇ ಹೆಚ್ಚು ಅಪಾಯಕಾರಿ ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ. ಮೂಢನಂಬಿಕೆಯೆಂದು ಗೊತ್ತಿರುವುದರಿಂದ ಮನುಷ್ಯ ಎಂದಾದರೊಂದು ದಿನ ಬಿಡಿಸಿಕೊಳ್ಳಬಲ್ಲ. ‘ಇದು ನನ್ನದೇ ಅರಿವು’ ಎಂದು ನಂಬಿದ್ದರಿಂದ ಬಿಡಿಸಿಕೊಳ್ಳುವುದು ಹೇಗೆ?

ಮೊದಲು ಹಿರಿಯರ ಪಕ್ಷಕ್ಕೆ ಬರೋಣ. ನಾಸಿಕ್ ಜಿಲ್ಲೆಯಲ್ಲಿ ನೆಲೆಸಿದ ಕನ್ನಡಿಗರೆಲ್ಲರಿಗೂ ಒಂದು ತಪ್ಪದ ಕೆಲಸವಿದೆ. ಊರಿನಿಂದ ದೂರವಾಣಿ ಬರುತ್ತದೆ: ಮಗನ ಜಾತಕದಲ್ಲಿ ಕಾಳಸರ್ಪ ಇದೆಯಂತೆ, ತ್ರ್ಯಂಬಕೇಶ್ವರದಲ್ಲಿ ಶಾಂತಿ ಮಾಡಿಸಬೇಕಂತೆ, ಒಬ್ಬ ಭಟ್ಟರನ್ನು ನೋಡಿ ದಿನ ಗೊತ್ತುಮಾಡಿಕೊಡಿ. ನಾರಾಯಣ ನಾಗಬಲಿಯಾದರೆ ಮೂರು ದಿನ ಮನೆಯಲ್ಲೇ ಉಳಿಯುತ್ತಾರೆ. ನಾವು ಅವರನ್ನು ನಾಸಿಕ್ ರೋಡ್ ನಿಲ್ದಾಣದಿಂದ ಕರೆತರುತ್ತೇವೆ, ತ್ರ್ಯಂಬಕಕ್ಕೆ ಗಾಡಿ ಮಾಡಿಕೊಡುತ್ತೇವೆ, ಪ್ರಸಾದ ತಿನ್ನುತ್ತೇವೆ. ಅಂದು ಎದ್ದುನಿಂತ ಹಿರಿಯರೂ ಈ ಸೇವೆಯಲ್ಲಿ ನಮಗಿಂತ ಮುಂದೆಯೇ. ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ನಂಟರ ಭಯ ದೊಡ್ಡದು, ಆ ಭಯದ ಜೊತೆ ಒಂದು ದಿನ ನಡೆಯುವುದು ನಂಟಸ್ತಿಕೆಯ ಭಾಗ. ಆದರೆ ನ್ಯಾಯ ಒಂದೇ ಇರಬೇಕು. ಕುಂಡಲಿಯ ಹನ್ನೆರಡು ಮನೆಗಳಿಗೆ ಹೊಸ್ತಿಲಲ್ಲಿ ಮಣೆ ಹಾಕಿ, ಎಪ್ಪತ್ತೆಂಟು ಎಲೆಗಳಿಗೆ ಬಾಗಿಲು ಮುಚ್ಚುವವರಿಗೆ ವೈಚಾರಿಕತೆಯ ಹೆಸರು ಹೇಳುವ ಹಕ್ಕಿಲ್ಲ. ಹೊರಗಿನಿಂದ ಬಂದದ್ದು ಎಂಬುದು ದೋಷವಾಗುವುದಾದರೆ ಜಾತಕದ ರಾಶಿಚಕ್ರವೂ ಯವನರ ದಾರಿಯಿಂದ ಬಂದದ್ದೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನಾವು ಬದುಕುತ್ತಿರುವುದು ನರೇಂದ್ರ ದಾಭೋಲ್ಕರ್ ಅವರನ್ನು ಕಳೆದುಕೊಂಡ ಮಹಾರಾಷ್ಟ್ರದಲ್ಲಿ. 2013ರ ಆಗಸ್ಟ್ 20ರ ಬೆಳಗ್ಗೆ ಪುಣೆಯ ಸೇತುವೆಯ ಮೇಲೆ ಅವರ ಕೊಲೆಯಾಯಿತು. ಅವರು ವರ್ಷಗಟ್ಟಲೆ ಕೇಳಿದ ಮಾಟಮಂತ್ರ ವಿರೋಧಿ ಕಾನೂನು ಆ ವರ್ಷವೇ ಜಾರಿಗೆ ಬಂತು. ಕರ್ನಾಟಕದಲ್ಲಿ ಅಂಥದೇ ಕಾನೂನು 2017ರಲ್ಲಿ ಆಯಿತು. ಎಲೆ ತೆಗೆಯುವ ಹವ್ಯಾಸವನ್ನು ಆ ಸಾಲಿಗೆ ಸೇರಿಸುವುದು ಆ ಹೋರಾಟಕ್ಕೇ ಅವಮಾನ. ಇಲ್ಲಿ ನರಬಲಿಯಿಲ್ಲ, ಹೊಡೆತವಿಲ್ಲ, ಬಲಾತ್ಕಾರವಿಲ್ಲ. ನಮ್ಮ ತಕರಾರು ಕಾನೂನಿಗೆ ಸಿಕ್ಕುವಂಥದಲ್ಲ. ಅದು ಒಂದು ಶಬ್ದದ ಬಗೆಗಿನ ತಕರಾರು. ‘ಅರಿವು’ ಎಂಬ ಶಬ್ದ ಕನ್ನಡದಲ್ಲಿ ಬಹಳ ದುಡಿದು ಸಂಪಾದಿಸಿದ ಶಬ್ದ. ಅದನ್ನು ಯಾರು ಯಾವುದಕ್ಕೆ ಬಳಸುತ್ತಿದ್ದಾರೆ ಎಂದು ಕೇಳುವುದು ಸಾಹಿತ್ಯ ಕೂಟವೊಂದರ ಕೆಲಸವೇ ಸರಿ.

ಎಲೆಗಳ ಪರವಾಗಿ ಅಂದು ಬಂದ ಮೊದಲ ವಾದ, ಇವು ಬಹು ಪ್ರಾಚೀನ ಜ್ಞಾನದ ಉಳಿಕೆ ಎಂಬುದು. ಇದು ನಿಜವಲ್ಲ. ಟ್ಯಾರೋ 15ನೆಯ ಶತಮಾನದಲ್ಲಿ ಉತ್ತರ ಇಟಲಿಯ ಅರಮನೆಗಳಲ್ಲಿ ಹುಟ್ಟಿದ ಇಸ್ಪೀಟಿನಾಟ. ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನಗಳಿಗಾಗಿ ಚಿನ್ನದ ರೇಕಿನ ಮೇಲೆ ಬರೆದ ಎಲೆಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಸಾಮಾನ್ಯ ಎಲೆಗಳ ನಾಲ್ಕು ಬಣ್ಣಗಳಿಗೆ ತುರುಫಿನಂತೆ ಕೆಲಸ ಮಾಡುವ ಚಿತ್ರದ ಎಲೆಗಳನ್ನು ಸೇರಿಸಿದರು; ಹಾಗೆ ಇಪ್ಪತ್ತೆರಡು ಮತ್ತು ಐವತ್ತಾರು ಕೂಡಿ ಎಪ್ಪತ್ತೆಂಟಾಯಿತು. ಫ್ರಾನ್ಸಿನಲ್ಲಿಯೂ ಆಸ್ಟ್ರಿಯಾದಲ್ಲಿಯೂ ಜನ ಇಂದಿಗೂ ಅವನ್ನು ಹಿಡಿದು ಪಂದ್ಯ ಆಡುತ್ತಾರೆ. ಮೊದಲ ಮುನ್ನೂರು ವರ್ಷಗಳಲ್ಲಿ ಟ್ಯಾರೋವಿನ ಮುಖ್ಯ ಬದುಕು ಆಟದ್ದೇ.

ಪ್ರಾಚೀನ ಜ್ಞಾನದ ಕಥೆ ಶುರುವಾದದ್ದು 1781ರಲ್ಲಿ. ಆಂತ್ವಾನ್ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ವಿದ್ವಾಂಸನು, ಈ ಎಲೆಗಳು ಪ್ರಾಚೀನ ಈಜಿಪ್ಟಿನ ಪುರೋಹಿತರು ಗುಟ್ಟಾಗಿ ಉಳಿಸಿದ ಗ್ರಂಥವೆಂದು ಬರೆದನು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಶಾಂಪೋಲಿಯೋನ್ ಆ ಲಿಪಿಯನ್ನು ಬಿಡಿಸಿದ್ದು 1822ರಲ್ಲಿ. ಬಿಡಿಸಿದ ಮೇಲೆ ಟ್ಯಾರೋವಿನ ಸುಳಿವು ಎಲ್ಲಿಯೂ ಸಿಗಲಿಲ್ಲ. ಯುರೋಪಿಗೆ ಇಸ್ಪೀಟು ಬಂದದ್ದು ಈಜಿಪ್ಟಿನ ಕಡೆಯಿಂದಲೇ, ಆದರೆ 14ನೆಯ ಶತಮಾನದ ಮಾಮ್ಲೂಕ್ ಸುಲ್ತಾನರ ಈಜಿಪ್ಟಿನಿಂದ, ವ್ಯಾಪಾರದ ಸರಕಿನ ಜೊತೆಗೆ, ಬರಿಯ ಆಟದ ಎಲೆಯಾಗಿ. ವಿದ್ವಾಂಸನು ಪಿರಮಿಡ್ಡುಗಳಲ್ಲಿ ಹುಡುಕಿದ್ದು ಸಂತೆಯಲ್ಲಿತ್ತು. ಇಂದು ಎಲ್ಲರ ಕೈಯಲ್ಲಿರುವ ಚಿತ್ರಗಳಾದರೋ 1909ರಲ್ಲಿ ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆಯು ಎ. ಇ. ವೇಟ್ ಎಂಬಾತನ ಸೂಚನೆಯಂತೆ ಬರೆದವು. ಚೆಲುವಾದ ಚಿತ್ರಗಳೇ, ಅದರಲ್ಲಿ ಅನುಮಾನವಿಲ್ಲ. ನಮ್ಮಲ್ಲಿ ಕೆಲವರ ಅಜ್ಜಂದಿರಿಗಿಂತ ಅವು ಚಿಕ್ಕವು.

ಒರಾಕಲ್ ಎಲೆಗಳಿಗೆ ಈ ಮಟ್ಟಿನ ವಂಶಾವಳಿಯೂ ಇಲ್ಲ. ಎಷ್ಟು ಎಲೆ, ಯಾವ ಚಿತ್ರ, ಏನು ಅರ್ಥ, ಎಲ್ಲವೂ ಅಚ್ಚು ಹಾಕಿಸಿದವರ ಇಷ್ಟ. ಈಗ ನಮ್ಮ ದೇವತೆಗಳ ಚಿತ್ರ ಹಾಕಿ ‘ಶಕ್ತಿಯ ಸಂದೇಶ’ ಎಂದು ಮಾರುವ ಕಟ್ಟುಗಳೂ ಬಂದಿವೆ. ದೇವರನ್ನು ಎಲೆಯ ಮೇಲೆ ಬರೆಯುವುದು ಕನ್ನಡಿಗರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಿಗೆ ಹೊಸ ಹೊಸ ಆಟಗಳನ್ನು ಕಟ್ಟಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಇಂದಿಗೂ ದಶಾವತಾರದ ದುಂಡನೆಯ ಎಲೆಗಳನ್ನು ಕೈಯಿಂದ ಬರೆಯುತ್ತಾರೆ: ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು, ಒಟ್ಟು 120. ಮತ್ಸ್ಯನ ರಾಜನೂ ಕಲ್ಕಿಯ ಮಂತ್ರಿಯೂ ಆ ಎಲೆಗಳಲ್ಲಿದ್ದಾರೆ. ಅವನ್ನು ಹಿಡಿದು ಕುಳಿತವರ ಎದುರಿಗೆ ಇನ್ನೊಬ್ಬ ಆಟಗಾರನಿರುತ್ತಿದ್ದನು, ಅವನ ಕೈಯಲ್ಲಿಯೂ ಎಲೆಗಳಿರುತ್ತಿದ್ದವು. ಈ ಎದುರಿನವನನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ವಾದವೆಲ್ಲ ಅವನ ಮೇಲೆ ನಿಂತಿದೆ.

ಪ್ರಾಚೀನತೆಯ ವಾದ ಬಿದ್ದ ಮೇಲೆ ಎರಡನೆಯದು ಬಂತು, ಇದು ಹೆಚ್ಚು ನಯವಾದದ್ದು. “ಎಲೆ ಎಲ್ಲಿಂದಲಾದರೂ ಬರಲಿ. ನಾವು ಅದನ್ನು ಭವಿಷ್ಯಕ್ಕೆ ಬಳಸುವುದಿಲ್ಲ. ಅದು ಕನ್ನಡಿ. ನಮ್ಮ ಮನಸ್ಸನ್ನು ನಾವೇ ಅದರಲ್ಲಿ ನೋಡಿಕೊಳ್ಳುತ್ತೇವೆ.” ಕೇಳಲು ಹಿತವಾಗಿದೆ. ಆದರೆ ಕನ್ನಡಿಗೆ ಒಂದು ಗುಣವಿರಬೇಕು: ಮುಖದ ಮೇಲೆ ಮಸಿಯಿದ್ದರೆ ಮಸಿಯನ್ನೇ ತೋರಿಸಬೇಕು. ಯಾರು ನೋಡಿದರೂ ‘ಹೌದು, ಇದು ನಾನೇ’ ಎನ್ನಿಸುವ ವಸ್ತುವನ್ನು ಕನ್ನಡಿ ಎನ್ನಲಾಗದು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವಿವರಣೆಯೆಂದು ಒಂದು ಹಾಳೆ ಹಂಚಿದನು. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಲು ಕೇಳಿದನು. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಹಾಳೆ; ಅದರ ವಾಕ್ಯಗಳನ್ನು ಆತ ಆರಿಸಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಎಲೆಗಳ ಜೊತೆ ಬರುವ ಕೈಹೊತ್ತಗೆಯ ಯಾವ ಪುಟವನ್ನಾದರೂ ತೆರೆಯಿರಿ. ‘ಹಳೆಯದೊಂದನ್ನು ಬಿಟ್ಟುಕೊಡುವ ಕಾಲ ಬಂದಿದೆ’, ‘ನಿಮ್ಮ ಶಕ್ತಿಯನ್ನು ನೀವೇ ಮರೆತಿದ್ದೀರಿ’ ಎಂಬ ಬಗೆಯ ಮಾತುಗಳು ಸಿಗುತ್ತವೆ. ನಲವತ್ತು ದಾಟಿದ ಯಾರಿಗೆ ಇದು ಒಪ್ಪುವುದಿಲ್ಲ?

ಇನ್ನು ನಮ್ಮ ಗೆಳತಿಯ ವಿಷಯ. ಅವರ ಹೆಸರು, ಊರು ಇಲ್ಲಿ ಬೇಡ. ಗಂಡ ಗಡಿಯ ಕಡೆ ನಿಯುಕ್ತಿಯಲ್ಲಿದ್ದಾರೆ, ಮಗಳು ದೂರದ ಊರಿನಲ್ಲಿ ಓದುತ್ತಿದ್ದಾಳೆ. ಕಳೆದ ವರ್ಷ ಅವರಿಗೆ ಎಲೆಗಳ ಪರಿಚಯವಾಯಿತು. ಬೆಳಗ್ಗೆ ದೇವರ ದೀಪ ಹಚ್ಚಿದ ಮೇಲೆ ಒಂದು ಎಲೆ ತೆಗೆದು, ಅದರ ಬಗ್ಗೆ ದಿನಚರಿಯಲ್ಲಿ ನಾಲ್ಕು ಸಾಲು ಬರೆಯುವುದು ರೂಢಿಯಾಯಿತು. ಬರಹ ಚೆನ್ನಾಗಿತ್ತು. ಅದರಲ್ಲಿ ಕೆಲವನ್ನು ಅವರು ಕೂಟದಲ್ಲಿ ಓದಿದರು, ನಾವು ತಲೆದೂಗಿದೆವು. ಹೀಗಿರುವಾಗ ಒಂದು ದಿನ ಸ್ನಾನದ ಹೊತ್ತಿಗೆ ಎದೆಯಲ್ಲಿ ಸಣ್ಣ ಗಂಟು ಕೈಗೆ ತಾಕಿತು. ಅವರು ಯಾರಿಗೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಎಲೆ ತೆಗೆದರು. ಬಂದದ್ದು ಕತ್ತಿಗಳ ನಾಲ್ಕು.

ಆ ಎಲೆಯ ಚಿತ್ರದಲ್ಲಿ ಒಬ್ಬ ಯೋಧ ಕೈಮುಗಿದು ಅಂಗಾತ ಮಲಗಿದ್ದಾನೆ. ಮೇಲೆ ಗೋಡೆಯಲ್ಲಿ ಮೂರು ಕತ್ತಿ, ಅವನ ಕೆಳಗೆ ಒಂದು. ಕೈಹೊತ್ತಗೆ ಹೇಳಿತು: ವಿಶ್ರಾಂತಿ, ಬಿಡುವು, ಅವಸರ ಬೇಡ, ದೇಹ ತಾನೇ ಗುಣವಾಗಲು ಸಮಯ ಕೊಡಿ. ಅವರು ಸಮಯ ಕೊಟ್ಟರು. ಹದಿನೈದು ದಿನಕ್ಕೊಮ್ಮೆ ಮತ್ತೆ ಕೇಳಿದರು. ಕೆಲವೊಮ್ಮೆ ಬೇರೆ ಎಲೆ ಬಂತು, ಅದರಲ್ಲಿಯೂ ಅವರಿಗೆ ಕಾಯುವ ಮಾತೇ ಕಂಡಿತು. ಹೀಗೆ ಮೂರು ತಿಂಗಳು ಕಳೆದವು. ರಜೆಗೆ ಬಂದ ಮಗಳು ವಿಷಯ ತಿಳಿದು, ಕೈಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. ಗಂಟು ಒಳ್ಳೆಯದಾಗಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಮುಂದಿನ ಚಿಕಿತ್ಸೆ ನಡೆಯುತ್ತಿದೆ, ಗುಣವಾಗುವ ಭರವಸೆಯಿದೆ. ಮೊದಲೇ ಬಂದಿದ್ದರೆ ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತಿರಲಿಲ್ಲ ಎಂದು ವೈದ್ಯರು ಅವರಿಗೆ ಹೇಳಿದ್ದಾರೆ.

ಇದನ್ನು ತಿಳಿದ ಮೇಲೆ ನಾವು ಆ ಎಲೆಯನ್ನು ಸರಿಯಾಗಿ ನೋಡಿದೆವು. ಯೋಧ ಮಲಗಿರುವುದು ಮಂಚದ ಮೇಲಲ್ಲ, ಗೋರಿಯ ಮೇಲೆ. ವೇಟ್ ತನ್ನ ಪುಸ್ತಕದಲ್ಲಿ ಈ ಎಲೆಗೆ ಕೊಟ್ಟ ಅರ್ಥಗಳಲ್ಲಿ ಏಕಾಂತ, ವಿಶ್ರಾಂತಿಗಳ ಜೊತೆಗೆ ಎಚ್ಚರವೂ ಇದೆ, ಗೋರಿಯೂ ಶವಪೆಟ್ಟಿಗೆಯೂ ಇವೆ. ಇಂದಿನ ಕೈಹೊತ್ತಗೆಗಳು ಕೊಳ್ಳುವವರ ಮನಸ್ಸು ನೋಯಬಾರದೆಂದು ಗೋರಿಯನ್ನು ಹಾಸಿಗೆ ಮಾಡಿವೆ. ಆದರೆ ಹಳೆಯ ಪುಸ್ತಕವೇ ಅವರ ಕೈಯಲ್ಲಿದ್ದರೂ ಏನಾಗುತ್ತಿತ್ತು? ಗೋರಿಯ ಮಾತನ್ನು ಓದಿ ಹೆದರಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಏಕಾಂತದ ಮಾತನ್ನು ಆರಿಸಿಕೊಂಡು ಸುಮ್ಮನಾಗಲೂಬಹುದಿತ್ತು. ಚಿತ್ರ ಎರಡಕ್ಕೂ ಒಪ್ಪುತ್ತದೆ. ಗೆಳತಿ ನಮಗೆ ಹೇಳಿದ ಮಾತು ಇದು: “ಎಲೆ ನನಗೇನೂ ಹೇಳಲಿಲ್ಲ. ನಾನೇ ಅದರ ಬಾಯಲ್ಲಿ ನನಗೆ ಬೇಕಾದ್ದನ್ನು ಹೇಳಿಸಿದೆ. ನನಗೆ ಆಸ್ಪತ್ರೆಯ ಹೆದರಿಕೆಯಿತ್ತು. ಆ ಹೆದರಿಕೆಗೆ ಒಂದು ಒಳ್ಳೆಯ ಹೆಸರು ಬೇಕಿತ್ತು, ಸಿಕ್ಕಿತು.”

ಇದಕ್ಕೆ ಎಲೆಗಳ ಪರವಾದವರ ಉತ್ತರ ನಮಗೆ ಗೊತ್ತು, ಏಕೆಂದರೆ ಅವರು ಕೊಟ್ಟರು. ಅವರು ತಪ್ಪಾಗಿ ಬಳಸಿದರು. ರೋಗದ ವಿಷಯದಲ್ಲಿ ವೈದ್ಯರ ಬಳಿ ಹೋಗಬೇಕೆಂದು ಎಲ್ಲ ಒಳ್ಳೆಯ ಗುರುಗಳೂ ಹೇಳುತ್ತಾರೆ. ಚಾಕುವಿನಿಂದ ಕೈ ಕೊಯ್ದುಕೊಂಡರೆ ಚಾಕುವಿನ ತಪ್ಪೇ? ಈ ಉತ್ತರದಲ್ಲಿ ಒಂದು ಕಳ್ಳದಾರಿಯಿದೆ. ಎಲೆಯನ್ನು ಅರಿವಿನ ಬಾಗಿಲೆಂದು ಕರೆದು, ಜೀವನದ ಅತಿ ಕಷ್ಟದ ಪ್ರಶ್ನೆ ಬಂದಾಗ ಮಾತ್ರ ಆ ಬಾಗಿಲಿಗೆ ಬರಬೇಡಿ ಎನ್ನುವುದು ಎಂಥ ನ್ಯಾಯ? ಗಂಟಿನ ಪ್ರಶ್ನೆ ಕೇಳುವಂತಿಲ್ಲ, ಹಾಗಾದರೆ ಮದುವೆ ಮುರಿಯುವ ಪ್ರಶ್ನೆ ಕೇಳಬಹುದೇ? ಕೆಲಸ ಬಿಡುವ ಪ್ರಶ್ನೆ? ಮಗನನ್ನು ಕ್ಷಮಿಸುವ ಪ್ರಶ್ನೆ? ಅಲ್ಲಿಯೂ ಮನುಷ್ಯನಿಗೆ ಹೆದರಿಕೆಯಿದೆ, ಅಲ್ಲಿಯೂ ಹೆದರಿಕೆಗೆ ಒಳ್ಳೆಯ ಹೆಸರು ಬೇಕು. ವ್ಯತ್ಯಾಸ ಒಂದೇ: ಗಂಟಿನ ವಿಷಯದಲ್ಲಿ ನಾವು ಮೋಸ ಹೋದದ್ದನ್ನು ಆಸ್ಪತ್ರೆಯ ವರದಿ ತೋರಿಸಿಕೊಡುತ್ತದೆ. ಉಳಿದ ಕಡೆ ಯಾವ ವರದಿಯೂ ಬರುವುದಿಲ್ಲ, ಜೀವಮಾನವಿಡೀ ‘ನನ್ನ ಅಂತರಂಗ ಹೇಳಿತು’ ಎಂದುಕೊಂಡೇ ಇರಬಹುದು.

ಮೂರನೆಯ ವಾದ ನಮ್ಮ ಪರಂಪರೆಯನ್ನೇ ಕರೆತಂದಿತು. ಕೊರವಂಜಿಯ ಕಣಿ ಇಲ್ಲವೇ, ಮೈಲಾರದ ಕಾರಣಿಕ ಇಲ್ಲವೇ, ದೇವರಲ್ಲಿ ಹೂ ಕೇಳುವುದಿಲ್ಲವೇ? ಒಳ್ಳೆಯ ಪ್ರಶ್ನೆ. ದೇವಳಾಲಿ ಕ್ಯಾಂಪಿನವರಿಗೆ ಇದು ಇನ್ನೂ ಹತ್ತಿರದ್ದು, ಏಕೆಂದರೆ ಇಲ್ಲಿಯ ಖಂಡೋಬಾ ಟೇಕಡಿಯಲ್ಲಿ ಕುಳಿತಿರುವವನು ನಮ್ಮ ಮೈಲಾರಲಿಂಗನೇ. ಮಣಿ, ಮಲ್ಲರೆಂಬ ರಕ್ಕಸರನ್ನು ಕೊಂದು ಇಲ್ಲಿ ವಿಶ್ರಮಿಸಿದನೆಂದು ಇಲ್ಲಿಯವರ ನಂಬಿಕೆ. ಇಲ್ಲಿಯ ಭಕ್ತರ ‘ಯೇಳಕೋಟ್’ ಕೂಗಿನಲ್ಲಿ ನಮ್ಮ ‘ಏಳುಕೋಟಿ’ ಕೇಳಿದಾಗ ಊರಿನ ನೆನಪಾಗದ ಕನ್ನಡಿಗನಿಲ್ಲ. ಹಾಗಾದರೆ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಏನು ನಡೆಯುತ್ತದೆ? ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ, ನೆರೆದ ಲಕ್ಷಾಂತರ ಜನರನ್ನು ಒಂದು ಕೂಗಿನಿಂದ ಸುಮ್ಮನಾಗಿಸಿ, ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಕೆಳಗಿದ್ದವರು ಅವನನ್ನು ಹಿಡಿದುಕೊಳ್ಳುತ್ತಾರೆ. ಆಮೇಲೆ ಆ ಮಾತಿನ ಅರ್ಥಕ್ಕಾಗಿ ಜಗಳ: ಮಳೆಯ ಬಗ್ಗೆ ಹೇಳಿದ್ದೇ, ಬೆಳೆಯ ಬಗ್ಗೆ ಹೇಳಿದ್ದೇ, ಸರ್ಕಾರದ ಬಗ್ಗೆ ಹೇಳಿದ್ದೇ? ಎತ್ತಿನ ಗಾಡಿಗಳಲ್ಲಿ, ಬಸ್ಸುಗಳಲ್ಲಿ, ಚಹಾದಂಗಡಿಗಳಲ್ಲಿ ದಿನಗಟ್ಟಲೆ ಅದೇ ಮಾತು. ಒಬ್ಬನ ಅರ್ಥವನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ. ಯಾರೊಬ್ಬನಿಗೂ ಆ ಮಾತು ಪೂರ್ತಿ ಸ್ವಂತವಾಗುವುದಿಲ್ಲ.

ಕೊರವಂಜಿ ಬಂದಾಗಲೂ ಹಾಗೆಯೇ. ಅವಳು ಜಗಲಿಯ ಮೇಲೆ ಕುಳಿತು ಸೊಸೆಯ ಕೈ ಹಿಡಿದು ಕಣಿ ಹೇಳುವಾಗ ಅತ್ತೆ ಬಾಗಿಲಲ್ಲಿರುತ್ತಿದ್ದಳು, ಪಕ್ಕದ ಮನೆಯ ಹೆಂಗಸರು ಬಂದು ಸೇರುತ್ತಿದ್ದರು. “ಇವಳಿಗೆ ಹೋದ ವರ್ಷವೂ ಗಂಡು ಮಗು ಎಂದಿದ್ದೆಯಲ್ಲ” ಎಂದು ಯಾರೋ ಒಬ್ಬರು ಕೇಳಿಯೇ ಕೇಳುತ್ತಿದ್ದರು. ಕರಾವಳಿ, ಮಲೆನಾಡುಗಳಲ್ಲಿ ದೇವರ ಮುಂದೆ ಹೂ ಕೇಳುವಾಗಲೂ ಮನೆಯವರೆಲ್ಲ ನಿಂತಿರುತ್ತಾರೆ. ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿಯೇ ಕೇಳಬೇಕು. ಈ ಆಚರಣೆಗಳಲ್ಲಿ ಸತ್ಯವಿದೆಯೆಂದು ನಾವು ಹೇಳುತ್ತಿಲ್ಲ. ಅವುಗಳಿಂದ ಎಷ್ಟೋ ಮನೆ ಮುರಿದಿವೆ, ಎಷ್ಟೋ ಹೆಣ್ಣುಮಕ್ಕಳ ಬದುಕು ಕೆಟ್ಟಿದೆ. ಕಾರಣಿಕದ ಮಾತನ್ನು ತಮ್ಮ ನಾಯಕನಿಗೆ ಅಂಟಿಸುವ ರಾಜಕಾರಣಿಗಳನ್ನೂ ಬಲ್ಲೆವು. ಆದರೆ ಅವುಗಳಲ್ಲಿ ಒಂದು ಅಂಶವಿತ್ತು, ಎಲೆಯ ಏಕಾಂತದಲ್ಲಿ ಅದಿಲ್ಲ: ಪ್ರಶ್ನೆ ನಾಲ್ಕು ಜನರ ಕಿವಿಗೆ ಬೀಳುತ್ತಿತ್ತು. ನಮ್ಮ ಗೆಳತಿ ಗಂಟಿನ ವಿಷಯವನ್ನು ಹೂವಿನ ಮುಂದೆ ಕೇಳಿದ್ದರೆ, ಹೂ ಎಡಕ್ಕೆ ಬಿದ್ದರೂ ಬಲಕ್ಕೆ ಬಿದ್ದರೂ, ಅತ್ತಿಗೆಯೋ ನಾದಿನಿಯೋ ಅಂದೇ ಸಂಜೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು.

ಇನ್ನು ಅಂತರಂಗದ ಅರಿವಿನ ವಿಷಯದಲ್ಲಿ ಕನ್ನಡಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ನಮ್ಮವರು ಅದನ್ನು ಹೇಗೆ ಪರೀಕ್ಷಿಸಿದರು ಎಂಬುದನ್ನು ನೋಡಬೇಕು. ಇಟಲಿಯ ಅರಮನೆಗಳಲ್ಲಿ ಟ್ಯಾರೋ ಎಲೆಗಳನ್ನು ಬರೆಯುತ್ತಿದ್ದ ಅದೇ 15ನೆಯ ಶತಮಾನದಲ್ಲಿ ಕನ್ನಡದಲ್ಲಿ ಶೂನ್ಯಸಂಪಾದನೆ ರೂಪುಗೊಂಡಿತು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದ ಪ್ರಸಂಗ ಅದರಲ್ಲಿ ಎಲ್ಲರಿಗೂ ಗೊತ್ತು. ಅರಮನೆ ಬಿಟ್ಟು, ಉಡುಗೆ ಬಿಟ್ಟು, ಕಾಡು ದಾಟಿ ಬಂದ ಆ ಹೆಣ್ಣಿನ ಅಂತರಂಗದ ಬಗ್ಗೆ ಸಂಶಯಪಡಲು ಯಾರಿಗೆ ಮನಸ್ಸು ಬಂದೀತು? ಅಲ್ಲಮನಿಗೆ ಬಂತು. ಒಳಗೆ ಬರಮಾಡುವ ಮೊದಲು ಆತ ಅವಳನ್ನು ಬಿರುಸಾಗಿ ಪ್ರಶ್ನಿಸಿದನು: ಗಂಡನಾರು, ಬತ್ತಲೆಯಾದವಳು ಕೂದಲನ್ನೇಕೆ ಮರೆಮಾಡಿದೆ? ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಅನಂತರವೇ ಗೌರವ. ಅಲ್ಲಮನು ಕ್ರೂರನಾಗಿದ್ದನೆಂದು ವಾದಿಸುವವರಿದ್ದಾರೆ, ಆ ವಾದಕ್ಕೆ ಜಾಗವೂ ಇದೆ. ಆದರೂ ಅಲ್ಲಿ ಒಂದು ಸಂಗತಿ ಸ್ಪಷ್ಟವಾಗಿದೆ: ಅರಿವು ಎಷ್ಟೇ ಒಳಗಿನದಾಗಿರಲಿ, ಎದುರಿಗೊಬ್ಬ ಪ್ರಶ್ನಿಸುವವನಿದ್ದು, ಅವನ ಪ್ರಶ್ನೆಯನ್ನು ತಾಳಿಕೊಂಡಾಗ ಅದಕ್ಕೆ ಆ ಹೆಸರು ಸಂದಿತು. ವಚನಕಾರರ ಬಾಯಲ್ಲಿ ಅನುಭಾವವೆಂಬುದು ಸಹವಾಸದ ಮಾತು, ಗೋಷ್ಠಿಯ ಮಾತು. ಎಲೆಯ ಕಟ್ಟು ಈ ಕೆಲಸವನ್ನು ಮಾಡಲಾರದು. ಬೇಡವಾದ ಎಲೆ ಬಂದರೆ ಮತ್ತೆ ಕಲಸಬಹುದು. ಅಲ್ಲಮನನ್ನು ಕಲಸಿ ಮತ್ತೊಮ್ಮೆ ತೆಗೆಯಲು ಆಗುವುದಿಲ್ಲ.

ಚಿತ್ರಗಳಿಗೆ ಮನಸ್ಸಿನ ಬೀಗ ತೆಗೆಯುವ ಶಕ್ತಿಯಿಲ್ಲವೆಂದು ನಾವು ಹೇಳುತ್ತಿಲ್ಲ. ಖಂಡಿತ ಇದೆ. 1921ರಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ರೋರ್ಷಾಕ್ ಹತ್ತು ಶಾಯಿಕಲೆಗಳ ಹಾಳೆಗಳನ್ನು ಪ್ರಕಟಿಸಿದನು. 1930ರ ದಶಕದಲ್ಲಿ ಅಮೆರಿಕದ ಮೋರ್ಗನ್ ಮತ್ತು ಮರ್ರೆ, ಚಿತ್ರ ತೋರಿಸಿ ಕಥೆ ಹೇಳಿಸುವ ಪರೀಕ್ಷೆಯನ್ನು ರೂಪಿಸಿದರು. ಈ ವಿಧಾನಗಳ ಬೆಲೆಯ ಬಗ್ಗೆ ಮನಶ್ಶಾಸ್ತ್ರಜ್ಞರಲ್ಲಿಯೇ ವಿವಾದವಿದೆ. ಆದರೂ ಆ ಕೋಣೆಯಲ್ಲಿ ಇಬ್ಬರಿರುತ್ತಾರೆ. ಚಿತ್ರ ನೋಡಿ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಕೇಳಿಸಿಕೊಂಡು “ಮತ್ತೆ? ಏಕೆ ಹಾಗೆನ್ನಿಸಿತು?” ಎನ್ನುತ್ತಾರೆ. ಎಲೆ ತೆಗೆದ ಮೇಲೆ ಇಂಥ ಒಬ್ಬರು ಎದುರಿಗಿದ್ದರೆ ನಮ್ಮ ತಕರಾರು ಬಹುಮಟ್ಟಿಗೆ ಕರಗುತ್ತದೆ. ಆಗ ಕೆಲಸ ಮಾಡುವುದು ಆ ಮನುಷ್ಯ. ಎಲೆ ಮಾತಿಗೆ ಒಂದು ನೆಪ. ಹಣ ತೆಗೆದುಕೊಂಡು ಎಲೆ ಓದುವವರು ಎದುರಿಗೆ ಕುಳಿತಿರುತ್ತಾರಲ್ಲ ಎಂದು ಕೇಳಬಹುದು. ಗಿರಾಕಿ ಮತ್ತೆ ಬರಬೇಕೆಂಬ ಆಸೆಯುಳ್ಳವರು ಎದುರಾಡುವುದು ಅಪರೂಪ.

ಇಲ್ಲಿಗೆ ನಮ್ಮ ವಾದ ಮುಗಿಯಬಹುದಿತ್ತು, ಮುಗಿದಿದ್ದರೆ ನಮಗೂ ಅನುಕೂಲವಾಗುತ್ತಿತ್ತು. ಆದರೆ ಗೆಳತಿ ಇನ್ನೊಂದು ಮಾತನ್ನೂ ಹೇಳಿದರು: “ಯಾರಿಗೆ ಹೇಳಬೇಕಿತ್ತು? ಕೂಟದಲ್ಲಿ ಹೇಳುವ ಮಾತೇ ಅದು?” ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಅವರು ಕತ್ತಿಗಳ ನಾಲ್ಕರ ಬಗ್ಗೆ ಬರೆದ ನಾಲ್ಕು ಸಾಲನ್ನೂ ಅಂದು ನಮ್ಮೆದುರು ಓದಿದ್ದರು. ಮಲಗಿದ ಯೋಧನ ಬಗ್ಗೆ, ದೇಹದ ಮೌನದ ಬಗ್ಗೆ, ಕಾಯುವುದರ ಬಗ್ಗೆ ಬರೆದಿದ್ದರು. ನಾವು ಅದರ ಲಯವನ್ನು ಹೊಗಳಿದೆವು. “ಯಾಕಮ್ಮ, ಏನಾಗಿದೆ?” ಎಂದು ಒಬ್ಬರೂ ಕೇಳಲಿಲ್ಲ. ಎಲೆ ಎದುರಾಡಲಿಲ್ಲ, ಸರಿ; ನಾವು ಎದುರಾಡಿದೆವೇ?

ನಾವಿರುವ ಊರಿಗೆ ಈ ವಿಷಯದಲ್ಲಿ ಒಂದು ಹಳೆಯ ಖ್ಯಾತಿಯಿದೆ. ಇಂಗ್ಲಿಷಿನಲ್ಲಿ ತಲೆಕೆಟ್ಟವರಿಗೆ ‘ಡೂಲಾಲಿ’ ಎನ್ನುವ ಆಡುಮಾತು ದೇವಳಾಲಿ ಎಂಬ ಹೆಸರಿನಿಂದಲೇ ಹುಟ್ಟಿದ್ದು. 1861ರಲ್ಲಿ ಇಲ್ಲಿ ಸೇನಾ ಶಿಬಿರವಾಯಿತು. ಸೇವೆ ಮುಗಿಸಿದ ಬ್ರಿಟಿಷ್ ಸಿಪಾಯಿಗಳು ತಾಯ್ನಾಡಿನ ಹಡಗಿಗಾಗಿ ಇಲ್ಲಿ ಕಾಯುತ್ತಿದ್ದರು. ಹಡಗುಗಳು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಹೊರಡುತ್ತಿದ್ದುದರಿಂದ, ಹೊತ್ತು ತಪ್ಪಿ ಬಂದವರು ತಿಂಗಳುಗಟ್ಟಲೆ ಬಿಸಿಲಿನಲ್ಲಿ, ಕೆಲಸವಿಲ್ಲದೆ, ಮನೆಯ ಯೋಚನೆಯಲ್ಲಿ ಕುಳಿತಿರಬೇಕಾಗುತ್ತಿತ್ತು. ಕೆಲವರಿಗೆ ಬುದ್ಧಿ ಕದಡಿತು. ಅದಕ್ಕೆ ಜೊತೆಯವರು ‘ದೇವಳಾಲಿಯ ತಾಪ’ ಎಂದು ಹೆಸರಿಟ್ಟರು. ‘ತಾಪ’ ನಮ್ಮದೇ ಶಬ್ದ. ಇಂದು ಇಲ್ಲಿ ತೋಪಖಾನೆಯ ತರಬೇತಿ ಶಾಲೆಯಿದೆ, ಓಝರ್‌ನಲ್ಲಿ ಎಚ್‌ಎಎಲ್ ಕಾರ್ಖಾನೆಯಿದೆ, ನಾಸಿಕ್ ರೋಡಿನಲ್ಲಿ ನೋಟಿನ ಮುದ್ರಣಾಲಯವಿದೆ. ಇವುಗಳ ಬೆನ್ನಿಗೆ ಬಂದ ನಾವೂ ಕಾಯುವವರೇ: ಬದಲಿಗಾಗಿ, ನಿವೃತ್ತಿಗಾ‌ಗಿ, ಬೇಸಿಗೆ ರಜೆಗಾಗಿ, ಮಕ್ಕಳ ಫೋನಿಗಾಗಿ. ಕಾಯುವವರ ಮನಸ್ಸಿಗೆ ಮಾತು ಬೇಕು. ಮಾತಾಡಲು ಮನುಷ್ಯರು ಸಿಗದಿದ್ದರೆ ಅದು ಎಲೆಯ ಜೊತೆಗಾದರೂ ಮಾತಾಡುತ್ತದೆ. ಪರನಾಡಿನಲ್ಲಿರುವ ಕನ್ನಡಿಗರಲ್ಲಿ, ಅದರಲ್ಲಿಯೂ ಹಗಲೆಲ್ಲ ಒಬ್ಬರೇ ಇರುವ ಹೆಂಗಸರಲ್ಲಿ, ಈ ಎಲೆಗಳಿಗೆ ಇಷ್ಟು ಬೇಗ ಜಾಗ ಸಿಕ್ಕಿದ್ದು ಏಕೆಂದು ನಾವು ಕೇಳಿಕೊಳ್ಳಬೇಕು. ಅವರು ದಡ್ಡರೆಂಬ ಉತ್ತರ ಸುಳ್ಳು. ಆ ಜಾಗ ಖಾಲಿಯಿತ್ತು, ಅದನ್ನು ಖಾಲಿ ಬಿಟ್ಟವರು ನಾವು.

ಆದುದರಿಂದ ಎಲೆಗಳನ್ನು ಕೂಟದಿಂದ ಹೊರಗಿಡುವ ನಿರ್ಣಯವನ್ನು ನಾವು ಮಾಡಲಿಲ್ಲ. ಹಿರಿಯರು ಕೇಳಿದರು, ಒಪ್ಪಲಿಲ್ಲ. ಎಲೆ ತರುವವರು ತರಲಿ. ಆದರೆ ಎಲೆ ತೆಗೆಯುವ ಮೊದಲು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬೇಕು, ಕೇಳಿದವರು ಮರುಪ್ರಶ್ನೆ ಹಾಕಬಹುದು, ಎಲೆಯ ಅರ್ಥವನ್ನು ಕೈಹೊತ್ತಗೆಯಿಂದ ಓದುವಂತಿಲ್ಲ ಎಂದು ಮಾತಾಯಿತು. ಇದಾದ ಮೇಲೆ ಇಬ್ಬರು ತಮ್ಮ ಪ್ರಶ್ನೆ ಹೇಳಿದರು. ಒಬ್ಬರದು ಆಸ್ತಿಯದು, ಇನ್ನೊಬ್ಬರದು ಮಗನದು. ಮಾತು ರಾತ್ರಿಯವರೆಗೆ ನಡೆಯಿತು, ಎಲೆ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಜ್ಯೋತಿಷ್ಯಕ್ಕೂ ಇದೇ ನಿಯಮವೆಂದು ಹಿರಿಯರಿಗೆ ತಿಳಿಸಿದ್ದೇವೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.

ಹೊರನಾಡಿನ ಬೇರೆ ಬೇರೆ ಊರುಗಳಲ್ಲಿ ಇದನ್ನು ಓದುತ್ತಿರುವ ಗೆಳೆಯರಲ್ಲಿ ನಮ್ಮದೊಂದು ವಿನಂತಿ. ಎಲೆಗಳ ಬಗ್ಗೆ ನಮ್ಮೊಡನೆ ವಾದಿಸಲು ಬಯಸುವವರು ಅಗತ್ಯವಾಗಿ ವಾದಿಸಲಿ, ನಾವು ಸಿದ್ಧ. ಆದರೆ ಅದಕ್ಕೆ ಮೊದಲು ನಿಮ್ಮ ಕೂಟದ ಹಾಜರಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಕಳೆದ ಎರಡು ಸಭೆಗಳಿಗೆ ಬಾರದವರು ಯಾರು? ಬಂದರೂ ಕಿಟಕಿಯ ಕಡೆ ನೋಡುತ್ತ ಕುಳಿತವರು ಯಾರು? ಈ ವಾರ ಅವರ ಮನೆಗೆ ಹೋಗಿ. ಹೇಗಿದ್ದೀರಿ ಎಂದು ಕೇಳಿ. “ಚೆನ್ನಾಗಿದ್ದೇನೆ” ಎಂದರೆ ಎದ್ದು ಬರಬೇಡಿ, ಇನ್ನೊಮ್ಮೆ ಕೇಳಿ.